ಸಹಾಯ ಬೇಕು: ಕೌನ್ಸಿಲ್ ಮನೆಯನ್ನು ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಡಬಹುದಾ?

ಇಂಗ್ಲೆಂಡಿನಲ್ಲಿ ಕೌನ್ಸಿಲ್ ಮನೆಯಲ್ಲಿ (ಸ್ಥಳೀಯ ಆಡಳಿತ ಕಡಿಮೆ ಬಾಡಿಗೆಗೆ ಕೊಡುವ ಮನೆ) ಇರುವ ನನ್ನ ಗೆಳೆಯ ರಜೆಗೆ ಹೋದಾಗಲೆಲ್ಲ ಇಡೀ ಮನೆಯನ್ನು ಆ್ಯಪ್‌ನಲ್ಲಿ ಹಾಕಿ ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತಾನೆ. ಬಾಗಿಲ ಪಕ್ಕದ ಪೈಪಿಗೆ ಕೀ ಡಬ್ಬಿ ನೇತುಹಾಕಿದ್ದಾನೆ, ಫೋಟೋದಲ್ಲಿ ಮಗಳ ಸೈಕಲ್ ಕೂಡ ಕಾಣಿಸುತ್ತೆ! ತಾನು ವಾಸ ಬಿಟ್ಟು ಮನೆ ಪೂರ್ತಿ ಬಾಡಿಗೆಗೆ ಕೊಟ್ಟರೆ ಇಂಥ ಮನೆಗಳ ದುರ್ಬಳಕೆ ತಡೆಯುವ 2013ರ ಕಾಯ್ದೆ ಪ್ರಕಾರ ಅಪರಾಧ, ಮೋಸ ಅಂತ ಸಾಬೀತಾದರೆ 2 ವರ್ಷದವರೆಗೆ ಜೈಲು, ಗಳಿಸಿದ ಲಾಭವನ್ನೂ ಕಕ್ಕಿಸಬಹುದು. ಆದರೆ ಇವನು ಎರಡು ವಾರಕ್ಕೆ ವಾಪಸ್ ಬರುತ್ತಾನಲ್ಲ, ಅದು ಯಾವ ಲೆಕ್ಕ? ಕಾನೂನು ಬಿಡಿ, ಇಂಥ ಮನೆಗೆ ವರ್ಷಗಟ್ಟಲೆ ಕಾಯುವವರಿದ್ದಾರೆ ಅನ್ನೋದೇ ನನ್ನನ್ನು ಕೊರೆಯುತ್ತಿದೆ. ದೂರು ಕೊಟ್ಟರೆ ಮಕ್ಕಳೂ ಬೀದಿಗೆ ಬರಬಹುದು, ಅಲ್ವಾ? ಅವನಿಗೇ ಹೇಳಿ ನಿಲ್ಲಿಸಿದರೆ ಸಾಕಾ? ಇಂಥದ್ದನ್ನು ಹತ್ತಿರದಿಂದ ನೋಡಿದವರು ದಯವಿಟ್ಟು ತಿಳಿಸಿ.