ಹುಳು ಜ್ವರಕ್ಕೆ ಕೂತಾಗ ಪುಸ್ತಕ ತೆಗಿ

ಪುಟ್ಟಿ, ನಿನ್ನೆ ರಾತ್ರಿ ನೀನು ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದ್ದನ್ನು ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದ ಮೇಲೆ ನೋಡಿದೆ. ಅರ್ಧಕ್ಕೆ ನಿಂತ ಬಿ.ಎ. ಮುಗಿಸಬೇಕು, ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯಕ್ಕೆ ಸೇರಲಾ ಅಂತ ಕೇಳಿದ್ದೀಯ. ಅರ್ಧ ಎಕರೆ ಹಿಪ್ಪುನೇರಳೆ, ಎರಡು ಹಸು, ಮೂರು ವರ್ಷದ ಮಗು, ಇದರ ಮಧ್ಯೆ ಆಗುತ್ತಾ ಅಂತ ಕೇಳಿದ್ದೀಯ. ಅದಕ್ಕೆ ಹನ್ನೆರಡು ಜನ ಹೆಬ್ಬೆಟ್ಟು ಒತ್ತಿ ಸುಮ್ಮನಾಗಿದ್ದಾರೆ. ಓದಿನ ಪ್ರಶ್ನೆಗೆ ಹೆಬ್ಬೆಟ್ಟು, ನೋಡು! ದೊಡ್ಡಪ್ಪ ಮಾತ್ರ 'ಮೊದಲು ಮನೆ ನೋಡಿಕೊ, ಓದು ಎಲ್ಲಿಗೂ ಓಡಿಹೋಗಲ್ಲ' ಅಂದಿದ್ದಾರೆ. ದೊಡ್ಡಪ್ಪ, ನಿಮ್ಮ ಮಾತಿಗೆ ಆಮೇಲೆ ಬರುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಈ ವಾಯ್ಸ್ ಮೆಸೇಜ್ ಉದ್ದ ಆಗುತ್ತದೆ. ಬೆಂಗಳೂರಿನವರು ಸ್ಪೀಡ್ ಜಾಸ್ತಿ ಮಾಡಿಕೊಂಡು ಕೇಳಿ. ನನಗೆ ಇವತ್ತು ಪುರುಸೊತ್ತು. ಯಾಕೆ ಅಂದರೆ ನಮ್ಮ ರೇಷ್ಮೆ ಹುಳು ನಾಲ್ಕನೇ ಜ್ವರಕ್ಕೆ ಕೂತಿದೆ. ಪುಟ್ಟಿ, ನಿನಗೆ ನಾನು ಹೇಳಬೇಕಾದ್ದು ಇದರಲ್ಲೇ ಇದೆ.

ಪೇಟೆ ಮಕ್ಕಳಿಗೆ ಗೊತ್ತಿರಲಿ ಅಂತ ಹೇಳುತ್ತೇನೆ. ರೇಷ್ಮೆ ಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೇ ನಾವು ಜ್ವರ ಅನ್ನುವುದು. ಮೊದಲ ಎರಡು ಜ್ವರ, ಮರಿಹುಳು (ಅದೇ ಚಾಕಿ) ಸಾಕಿ ಕೊಡುವ ಚಾಕಿ ಕೇಂದ್ರದಲ್ಲೇ ಮುಗಿದಿರುತ್ತದೆ, ಉಳಿದ ಎರಡು ನಮ್ಮ ಮನೆಯಲ್ಲಿ. ಆಗ ಹುಳು ಏನೂ ತಿನ್ನುವುದಿಲ್ಲ. ತಲೆ ಮೇಲಕ್ಕೆತ್ತಿ, ಅಲ್ಲಾಡದೆ, ದೇವರ ಮುಂದೆ ಕೂತ ಹಾಗೆ ಕೂತಿರುತ್ತದೆ. ಹಿಂದಿನ ದಿನದವರೆಗೂ ಹುಳುಮನೆಯಲ್ಲಿ ಸೋನೆ ಮಳೆ ಸುರಿದ ಹಾಗೆ ಸದ್ದು, ಒಂದೇ ಸಮ ಮೇಯುತ್ತಿರುತ್ತವೆ. ಇವತ್ತು ಗಪ್‌ಚಿಪ್. ನನ್ನ ಮಗ ಚಿಕ್ಕವನಿದ್ದಾಗ ಬಾಗಿಲಲ್ಲಿ ನಿಂತು 'ಅಮ್ಮ, ಎಲ್ಲಾ ಸತ್ತೋದ್ವಾ?' ಅಂತ ಅತ್ತಿದ್ದ. ಮೂರನೇ ಜ್ವರ ಹೆಚ್ಚುಕಡಿಮೆ ಒಂದು ದಿನ, ನಾಲ್ಕನೆಯದು ಒಂದೂವರೆ ದಿನ. ಸುಣ್ಣದ ಪುಡಿ ಉದುರಿಸಿ, ಗಾಳಿ ಆಡುವ ಹಾಗೆ ಬಿಟ್ಟು ಬಂದರೆ ಆಯಿತು. ಸೊಪ್ಪು ಕೊಯ್ಯುವ ಹಾಗಿಲ್ಲ, ಹಾಕುವ ಹಾಗಿಲ್ಲ.

ನಾನು ದೂರಶಿಕ್ಷಣದಲ್ಲಿ ಬಿ.ಎ. ಓದಿದ್ದು ಈ ಜ್ವರದ ದಿನಗಳಲ್ಲೇ ಕಣೇ. ಮೊದಲ ವರ್ಷ ಎಲ್ಲರ ಹಾಗೆ ನಾನೂ ಟೈಮ್‌ಟೇಬಲ್ ಬರೆದು ಗೋಡೆಗೆ ಅಂಟಿಸಿದ್ದೆ. ಬೆಳಿಗ್ಗೆ 4ರಿಂದ 6 ಓದು, ರಾತ್ರಿ 9ರಿಂದ 11 ಓದು. ಒಂದು ವಾರ ನಡೆಯಿತು. ಆಮೇಲೆ ಹುಳು ನಾಲ್ಕನೇ ಜ್ವರ ಬಿಟ್ಟು ಐದನೇ, ಅಂದರೆ ಕೊನೇ ಹಂತಕ್ಕೆ ಬಂತು. ಆ ಒಂದು ವಾರ ಹೇಗಿರುತ್ತದೆ ಅಂತ ನಿನಗೆ ಗೊತ್ತಲ್ವಾ? ಹುಳು ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ 80ಕ್ಕಿಂತ ಜಾಸ್ತಿ ಆ ಕೊನೇ ವಾರದಲ್ಲೇ ತಿನ್ನುತ್ತದೆ. ನಾವು ಸಾಕುವುದು ಬರೀ 100 ಮೊಟ್ಟೆ. ಅಂದರೆ 100 ಚಿಟ್ಟೆ ಇಟ್ಟ ಮೊಟ್ಟೆ, 40 ಸಾವಿರ ಹುಳು. ಕೊಯ್ದು ಹೊತ್ತು ತಂದು ಹಾಕಿ ತಿರುಗಿ ನೋಡುವಷ್ಟರಲ್ಲಿ ಖಾಲಿ ಕಡ್ಡಿ. ಅದರ ಮೇಲೆ ಹಾಲು ಕರೆಯುವುದು, ಮಗುವಿನ ಊಟ. ರಾತ್ರಿ 9ಕ್ಕೆ ಪುಸ್ತಕ ತೆಗೆದರೆ 9.05ಕ್ಕೆ ಪುಸ್ತಕದ ಮೇಲೇ ನಿದ್ದೆ. ನನ್ನ ಕೈಲಾಗಲ್ಲ, ನನಗೆ ಓದುವ ಹಣೆಬರಹ ಇಲ್ಲ ಅಂತ ಆ ಟೈಮ್‌ಟೇಬಲ್ ಕಿತ್ತು ಒಲೆಗೆ ಹಾಕಿದೆ.

ತಪ್ಪು ಟೈಮ್‌ಟೇಬಲಿನದು. ಹುಳು ಸಾಕುವವರ ದಿನ ಒಂದರ ಹಾಗೆ ಇನ್ನೊಂದು ಇರುವುದಿಲ್ಲ, ದಿನಾ ಎರಡು ಗಂಟೆ ಅಂತ ಎಲ್ಲಿಂದ ತರುವುದು? ಹುಳುವಿಗೆ ಅದರದೇ ಪಂಚಾಂಗ ಇದೆ. ಕೊನೇ ವಾರ ಪುಸ್ತಕ ಮುಟ್ಟಲೇಬೇಡ, ಓದಲಿಲ್ಲವಲ್ಲ ಅಂತ ಕೊರಗಲೂ ಬೇಡ. ಜ್ವರದ ದಿನ ಮಗುವನ್ನು ಅತ್ತೆ ಕೈಗೆ ಕೊಟ್ಟು ಪೂರ್ತಿ ದಿನ ಕೂತುಬಿಡು. ಗೂಡು ಮಾರಿದ ಮೇಲೆ ಮುಂದಿನ ಚಾಕಿ ಬರುವವರೆಗೆ ಒಂದು ತಿಂಗಳಿಗೂ ಮಿಕ್ಕಿ ಬಿಡುವು. ಅದೇ ನಿನ್ನ ನಿಜವಾದ ಓದಿನ ಕಾಲ. ನಾವೇನು ಮಾಡುತ್ತೇವೆ? ಅಬ್ಬಾ ಮುಗಿಯಿತು ಅಂತ ಆ ತಿಂಗಳಲ್ಲೇ ಮದುವೆ, ಜಾತ್ರೆ, ತವರು ಅಂತ ಸುತ್ತುತ್ತೇವೆ. ಎಲ್ಲಾ ಮದುವೆಗೂ ನೀನು ಹೋಗಬೇಕಾಗಿಲ್ಲ, ಯಜಮಾನರನ್ನು ಕಳಿಸು. ನಮ್ಮ ಮದುವೆಗೆ ಬರಲಿಲ್ಲ ಅಂತ ಈ ಗ್ರೂಪಿನಲ್ಲೇ ಇಬ್ಬರು ನನ್ನ ಮೇಲೆ ಇನ್ನೂ ಮುನಿಸಿಕೊಂಡಿದ್ದಾರೆ, ಯಾರು ಅಂತ ಹೇಳುವುದಿಲ್ಲ.

ಈಗ ಮುಖ್ಯ ವಿಷಯ. ಪರೀಕ್ಷೆ ದಿನಾಂಕ ಗೊತ್ತಾದ ಕೂಡಲೇ ಹಿಂದಕ್ಕೆ ಎಣಿಸು. ಚಾಕಿ ಹುಳು ಮನೆಗೆ ಬಂದ ಮೇಲೆ ಹಣ್ಣಾಗಲು, ಅಂದರೆ ಮೇಯುವುದು ಬಿಟ್ಟು ಗೂಡು ಕಟ್ಟಲು ತಯಾರಾಗಲು, 18ರಿಂದ 20 ದಿನ. ಚಂದ್ರಿಕೆಗೆ, ಅದೇ ಗೂಡು ಕಟ್ಟಿಸುವ ತಟ್ಟೆಗೆ, ಬಿಟ್ಟು ಗೂಡು ಬಿಡಿಸಲು ಇನ್ನೊಂದು 5-6 ದಿನ. ಮಾರ್ಕೆಟ್ಟು, ಹುಳುಮನೆ ತೊಳೆಯುವುದು ಎಲ್ಲಾ ಸೇರಿ ಒಂದು ತಿಂಗಳು ಹಿಡಿ. ಪರೀಕ್ಷೆಗೆ ಹತ್ತು ದಿನ ಮೊದಲೇ ಇದೆಲ್ಲಾ ಮುಗಿದಿರಬೇಕು. ಆಗುವುದಿಲ್ಲವಾ, ಕೊನೇ ಪೇಪರ್ ಆದ ಮೇಲೆ ಚಾಕಿ ತಾ. ಕಟಾವಾದ ಮೇಲೆ ಸೊಪ್ಪು ಹದಕ್ಕೆ ಬರಲು 60-65 ದಿನ ಬೇಕು. ಅದಕ್ಕೇ ಕಟಾವಿನ ದಿನವೇ ಪರೀಕ್ಷೆ ನೆನಪಿರಬೇಕು. ಸೊಪ್ಪು ಸ್ವಲ್ಪ ಬಲಿತರೂ ಪರವಾಗಿಲ್ಲ, ವರ್ಷಕ್ಕೆ ಒಂದು ಬೆಳೆ ಬಿಟ್ಟರೂ ಪರವಾಗಿಲ್ಲ. ಎರಡೂ ಒಂದೇ ವಾರಕ್ಕೆ ಬಂದು ಬೀಳಬಾರದು ಅಷ್ಟೇ.

ಬಿದ್ದರೆ ಏನಾಗುತ್ತದೆ ಅಂತ ನನ್ನದೇ ಹೇಳುತ್ತೇನೆ. ಎರಡನೇ ವರ್ಷ. ಯಾರೋ ವಾಟ್ಸಾಪಿನಲ್ಲಿ ಕಳಿಸಿದ ಪರೀಕ್ಷಾ ವೇಳಾಪಟ್ಟಿ ನೋಡಿ ಚಾಕಿಗೆ ಹೇಳಿಬಿಟ್ಟೆ. ಅದು ಹಿಂದಿನ ವರ್ಷದ್ದು! ಮೇಲೆ ಇಸವಿ ಬರೆದಿತ್ತು, ನಾನೇ ನೋಡಿಲ್ಲ. ರಾಜ್ಯಶಾಸ್ತ್ರದ ಪೇಪರ್ ದಿನವೇ ಹುಳು ಹಣ್ಣಾಯಿತು. ಒಂದಲ್ಲ ಎರಡಲ್ಲ, ಒಟ್ಟಿಗೇ ಅಷ್ಟೂ. ರಾತ್ರಿ 2 ಗಂಟೆಗೆ ಟಾರ್ಚ್ ಹಿಡಿದು ನೋಡುತ್ತೇನೆ, ಮೈಯೆಲ್ಲಾ ಹಣ್ಣು ದ್ರಾಕ್ಷಿ ಥರ ಮಿಂಚುತ್ತಾ ಗೂಡು ಕಟ್ಟಲು ಜಾಗ ಹುಡುಕಿಕೊಂಡು ಹೊರಟಿವೆ. ಗೋಡೆ ಮೇಲೆ, ಕರೆಂಟ್ ವೈರ್ ಮೇಲೆ, ಅತ್ತೆ ಸೀರೆ ಸೆರಗಿನ ಮೇಲೂ ಒಂದು ಎಳೆ ಬಿಡಲು ಶುರುಮಾಡಿತ್ತು. ಐದು ಗಂಟೆವರೆಗೆ ಆರಿಸಿದೆ. 'ನೀನು ಬಸ್ಸು ಹತ್ತು, ಇಲ್ಲಿ ನಾವಿದ್ದೀವಿ' ಅಂತ ಅತ್ತೆ ದಬ್ಬಿದರು. ದಬ್ಬಿದರು ಅಂದರೆ ನಿಜವಾಗಲೂ ಬೆನ್ನ ಮೇಲೆ ಕೈಯಿಟ್ಟು ದಬ್ಬಿದರು.

ಸಂಜೆ ಬಂದು ನೋಡಿದರೆ, ಕೈ ಸಾಲದೆ ನಮ್ಮವರು ಒಂದೊಂದು ಚಂದ್ರಿಕೆಗೂ ಒಂದೂವರೆ ಪಟ್ಟು ಹುಳು ತುಂಬಿಬಿಟ್ಟಿದ್ದರು. ಒತ್ತೊತ್ತಾಗಿ ಬಿಟ್ಟರೆ ಎರಡೆರಡು ಹುಳು ಸೇರಿ ಒಂದೇ ಗೂಡು ಕಟ್ಟುತ್ತವೆ, ಅದು ಜೋಡಿಗೂಡು. ನೂಲು ಸರಿಯಾಗಿ ಬಿಚ್ಚುವುದಿಲ್ಲ. ಕಲೆ ಬಿದ್ದ ಗೂಡು ಬೇರೆ. ರಾಮನಗರದ ಗೂಡಿನ ಮಾರ್ಕೆಟ್ಟಿನಲ್ಲಿ ನಮ್ಮ ರಾಶಿಯಿಂದ ಒಂದು ಹಿಡಿ ಎತ್ತಿ ನೋಡಿ ಹಾಗೇ ಕೆಳಗಿಟ್ಟು ಮುಂದೆ ಹೋದವರೇ ಜಾಸ್ತಿ. ಆವತ್ತಿನ ರೇಟು ಹೇಳುವುದಿಲ್ಲ, ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಪೇಪರ್ ಪಾಸಾಯಿತು, 41 ಅಂಕ.

ದೊಡ್ಡಪ್ಪ, ಈಗ ನಿಮ್ಮ ಮಾತು. ಅವಳು ಮನೆ ನೋಡಿಕೊಳ್ಳುತ್ತಲೇ ಕೇಳುತ್ತಿರುವುದು. ಅರ್ಧ ಎಕರೆ ಹಿಪ್ಪುನೇರಳೆಯಲ್ಲಿ ಮನೆ ನಡೆಯುತ್ತದೆ, ನಾಳೆ ಮಗುವಿನ ಸ್ಕೂಲ್ ಫೀಸಿಗೆ ಸಾಲುತ್ತದಾ? ಅವಳಿರುವ ಶಿಡ್ಲಘಟ್ಟದ ಕಡೆ ನೀರಿನ ಕಥೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಬೋರ್ ಬತ್ತಿದರೆ ತೋಟ ಒಣಗುತ್ತದೆ, ಪಾಸಾಗಿದ್ದು ಒಣಗುವುದಿಲ್ಲ. ನಿಮ್ಮ ಮೊಮ್ಮಗಳಿಗೆ ನರ್ಸಿಂಗ್ ಸೀಟು ಸಿಕ್ಕಾಗ ಊರಿಗೆಲ್ಲಾ ಮೈಸೂರ್ ಪಾಕ್ ಹಂಚಿದವರು ನೀವೇ ಅಲ್ವಾ?

ಪುಟ್ಟಿ, ಇನ್ನೊಂದೆರಡು ಚಿಕ್ಕ ವಿಷಯ. ಪಾಠವನ್ನು ನೀನೇ ಜೋರಾಗಿ ಓದಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊ. ಸೊಪ್ಪು ಕೊಯ್ಯುವಾಗ, ಹಾಲು ಕರೆಯುವಾಗ ಹಾಕಿಕೊಂಡು ಕೇಳು. ಹಸುಗಳಿಗೆ ಸಂವಿಧಾನ ಪೂರ್ತಿ ಬಾಯಿಪಾಠ ಆಗಿತ್ತು ಅಂತ ನಮ್ಮವರು ಈಗಲೂ ಆಡಿಕೊಳ್ಳುತ್ತಾರೆ. ತ್ರೀ ಫೇಸ್ ಕರೆಂಟು ರಾತ್ರಿ ಪಾಳಿ ಬಂದಾಗ ಮೋಟಾರ್ ಹಾಕಿ ಹೇಗೂ ಕಾಯಬೇಕಲ್ಲ, ಆಗಲೂ ಕೇಳಬಹುದು. ಆದರೆ ಒಬ್ಬಳೇ ಹೋಗಬೇಡ. ಇನ್ನೂ ಎಲೆ ಬಿಡಿಸಿ ತಟ್ಟೆಗೆ ಹಾಕುತ್ತಿದ್ದರೆ ರೆಂಬೆ ಪದ್ಧತಿಗೆ ಬಾ, ಕಡ್ಡಿ ಸಮೇತ ಹಾಕಿದರೆ ಅರ್ಧ ಕೆಲಸ ಕಡಿಮೆ ಆಗುತ್ತದೆ. ಮತ್ತೆ, ಗೂಡಿನ ದುಡ್ಡು ಈಗ ಬ್ಯಾಂಕ್ ಖಾತೆಗೇ ಬರುತ್ತದೆ. ಅದರಲ್ಲಿ ನಿನ್ನ ಫೀಸಿಗೆ ಎಷ್ಟು ಅಂತ ಈ ಬೆಳೆಗೆ ಚಾಕಿ ತರುವ ಮೊದಲೇ ಮನೆಯಲ್ಲಿ ಮಾತಾಡಿಕೊ. ದುಡ್ಡು ಬಂದ ಮೇಲೆ ಎಲ್ಲರಿಗೂ ಒಂದೊಂದು ಖರ್ಚು ನೆನಪಾಗುತ್ತದೆ.

ಕೊನೆಗೆ, ಚಿಕ್ಕಮ್ಮ, ನೀವು ಕೇಳಿಸಿಕೊಳ್ಳುತ್ತಿದ್ದೀರಿ ಅಂತ ಗೊತ್ತು. ಇವಳ ಅತ್ತೆಗೆ ಮಂಡಿ ನೋವು, ಮಗು ಹಿಂದೆ ಓಡಲು ಆಗುವುದಿಲ್ಲ. ಪರೀಕ್ಷೆ ಇರುವ ಆ ಹತ್ತು ದಿನ ನೀವು ಶಿಡ್ಲಘಟ್ಟಕ್ಕೆ ಹೋಗಿ ಇರುತ್ತೀರಾ? ಆಮೇಲೆ ಫೋನ್ ಮಾಡಿ ಹೇಳುತ್ತೇನೆ ಅನ್ನಬೇಡಿ. ಇಲ್ಲೇ, ಗ್ರೂಪಿನಲ್ಲೇ ಹೇಳಿ. ಹೆಬ್ಬೆಟ್ಟು ಒತ್ತಿದರೂ ಸಾಕು.