ಸಿ3 ಕಡಿಮೆ ಬಂದರೆ ಇಮ್ಯುನಿಟಿ ಇಲ್ಲ ಅಂತಾನಾ?

ರಶ್ಮಿ_ಹಾಸನ: ಅಕ್ಕನ ಮಗನಿಗೆ ಏಳು ವರ್ಷ. ಗಂಟಲು ನೋವು ವಾಸಿಯಾಗಿ ಸ್ವಲ್ಪ ದಿನಕ್ಕೆ ಮುಖ ಊದಿಕೊಂಡಿತು, ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ಸ್ಟ್ರೆಪ್ ಅನ್ನುವ ಬ್ಯಾಕ್ಟೀರಿಯಾದ ಸೋಂಕಿನ ನಂತರ ಬರುವ ಕಿಡ್ನಿ ಉರಿಯೂತ ಅಂದರು ಡಾಕ್ಟರು. ರಕ್ತದಲ್ಲಿ ಸಿ3 ಅನ್ನುವ ಪ್ರೋಟೀನ್ 34 ಬಂದಿದೆ, 90ರ ಮೇಲಿರಬೇಕಂತೆ. ಅದೇ ಗುಂಪಿನ ಸಿ4 ನಾರ್ಮಲ್. ಮನೆಯವರು ಇಮ್ಯುನಿಟಿ ಕುಸಿದಿದೆ ಅಂತ ಟಾನಿಕ್ ತಂದಿದ್ದಾರೆ. ಕೊಡಬಹುದಾ?

ಮಲ್ನಾಡ್_ಮಾವ: ಕೊಡಮ್ಮಾ, ಏನಾಗುತ್ತೆ? ಸಿ3 ರೋಗ ತಡೆಯುವ ಪ್ರೋಟೀನ್ ತಾನೇ. ಕಡಿಮೆ ಇದ್ದರೆ ತುಂಬಿಸಬೇಕು. ಅಮೃತಬಳ್ಳಿ ಕಷಾಯವನ್ನೂ ಕೊಡಿ.

ಲ್ಯಾಬ್_ಸೀನ: ಮಾವ, ಟಾನಿಕ್ ಕುಡಿಸಿದರೆ ತುಂಬುವಂಥದ್ದಲ್ಲ ಅದು. ಸಿ3 ಹೆಚ್ಚಾಗಿ ತಯಾರಾಗುವುದು ಲಿವರ್‌ನಲ್ಲಿ. ಇಲ್ಲಿ ತಯಾರಿ ನಿಂತಿಲ್ಲ, ಖರ್ಚು ಜಾಸ್ತಿಯಾಗಿದೆ. ಸಿ3 ಒಡೆದಾಗ ಸಿ3ಬಿ ಅನ್ನುವ ತುಂಡು ಬ್ಯಾಕ್ಟೀರಿಯಾದ ಮೈಗೆ ಅಂಟಿಕೊಳ್ಳುತ್ತದೆ. ಬಿಳಿ ರಕ್ತಕಣ ಆ ಗುರುತು ಹಿಡಿದು ನುಂಗುತ್ತದೆ. ಈ ಹುಡುಗನ ವಿಷಯದಲ್ಲಿ ಅದೇ ಪಡೆ ಕಿಡ್ನಿಯೊಳಗೆ ಕೆರಳಿ ಕೂತಿದೆ. ಇನ್ನೂ ‘ಬೂಸ್ಟ್’ ಮಾಡ್ತೀರಾ?

ಮಲ್ನಾಡ್_ಮಾವ: ಹಾಗಾದ್ರೆ ಸಿ3 ಇಲ್ಲದಿದ್ದರೂ ನಡೆಯುತ್ತೆ ಅನ್ನು.

ಲ್ಯಾಬ್_ಸೀನ: ಎಲ್ಲಿ ನಡೆಯುತ್ತೆ! ಹುಟ್ಟಿನಿಂದಲೇ ಸಿ3 ಇಲ್ಲದವರು ತೀರಾ ಅಪರೂಪ. ಆದರೆ ಅವರಿಗೆ ಚಿಕ್ಕಂದಿನಿಂದಲೇ ನ್ಯುಮೋನಿಯಾ, ಮೆದುಳು ಪೊರೆಯ ಸೋಂಕು ಮತ್ತೆ ಮತ್ತೆ ಕಾಡುತ್ತವೆ. ಪೆಗ್ಸೆಟಾಕೊಪ್ಲಾನ್ ಅನ್ನುವ ಔಷಧಿ ಸಿ3ಯನ್ನೇ ಕಟ್ಟಿಹಾಕುತ್ತದೆ. ಅಮೆರಿಕದಲ್ಲಿ 2021ರಲ್ಲಿ ಒಂದು ರಕ್ತದ ಕಾಯಿಲೆಗೆ ಅದಕ್ಕೆ ಒಪ್ಪಿಗೆ ಸಿಕ್ಕಿತು. ಶುರು ಮಾಡುವ ಮೊದಲು ಇಂಥ ಸೋಂಕು ತರುವ ನ್ಯುಮೋಕಾಕಸ್, ಮೆನಿಂಗೊಕಾಕಸ್ ಬ್ಯಾಕ್ಟೀರಿಯಾಗಳ ವಿರುದ್ಧ ಲಸಿಕೆ ಹಾಕಿಸಬೇಕು. ಸಿ3 ಬೆಲೆ ಏನು ಅಂತ ಅಲ್ಲೇ ಗೊತ್ತಾಗುತ್ತೆ.

ಮಕ್ಕಳ_ವಾರ್ಡ್_ಪಿಜಿ: ಎಲ್ಲರೂ ಸಿ3 ಹಿಡ್ಕೊಂಡು ಕೂತಿದ್ದೀರಿ. ಬಿಪಿ ಎಷ್ಟಿದೆ ಅಂತ ಒಬ್ಬರಾದರೂ ಕೇಳಿದಿರಾ? ಈ ಕಾಯಿಲೆಯಲ್ಲಿ ಮಗುವಿಗೆ ಫಿಟ್ಸ್ ಬರಿಸುವುದು ಏರಿದ ಬಿಪಿ. ಉಪ್ಪು ಕಡಿಮೆ, ನೀರು ಅಳತೆಯಲ್ಲಿ, ದಿನಾ ತೂಕ. ಕಿಡ್ನಿ ಸುಸ್ತಾಗಿರುವಾಗ ಟಾನಿಕ್ಕೂ ಬೇಡ, ಕಷಾಯವೂ ಬೇಡ. ವಾರ ವಾರ ಸಿ3 ಟೆಸ್ಟ್ ಮಾಡಿಸೋದು ದುಡ್ಡು ದಂಡ.

ಲ್ಯಾಬ್_ಸೀನ: ವಾರ ವಾರ ಬೇಡ, ಒಪ್ಪಿದೆ. ಎಂಟು ವಾರದ ಟೆಸ್ಟನ್ನೂ ದಂಡ ಅಂತೀರಾ?

ಮಕ್ಕಳ_ವಾರ್ಡ್_ಪಿಜಿ: ಅದು ಬೇಕೇ ಬೇಕು. ಸಾಮಾನ್ಯವಾಗಿ ಆರರಿಂದ ಎಂಟು ವಾರದೊಳಗೆ ಸಿ3 ತಾನಾಗಿಯೇ ಮೇಲೇರುತ್ತದೆ. ಹನ್ನೆರಡು ವಾರವಾದರೂ ಏರದಿದ್ದರೆ ಇದು ಬೇರೆ ಕಾಯಿಲೆ ಇರಬಹುದು, ಸಿ3 ಕೆರಳಿದ್ದು ನಿಲ್ಲದೆ ಕಿಡ್ನಿ ಕೆಡಿಸುವ ಸಿ3 ಗ್ಲೋಮೆರುಲೋಪತಿ ಥರದ್ದು. ಆಗ ಕಿಡ್ನಿಯ ಚೂರು ತೆಗೆದು ನೋಡುವ ಬಯಾಪ್ಸಿ ಮಾತು ಬರುತ್ತೆ. ಸಿ4 ಕೂಡ ಬಿದ್ದಿದ್ದರೆ ಲೂಪಸ್ (ದೇಹದ ರಕ್ಷಣಾ ಪಡೆ ತನ್ನ ಮೈಮೇಲೆಯೇ ತಿರುಗಿಬೀಳುವ ಕಾಯಿಲೆ) ಇದೆಯಾ ಅಂತಲೂ ನೋಡಬೇಕಿತ್ತು. ಗೋಳು ಏನಂದ್ರೆ, ಮೂತ್ರ ತಿಳಿಯಾಯ್ತು ಅಂದ ಕೂಡಲೇ ಎಷ್ಟೋ ಜನ ಫಾಲೋಅಪ್‌ಗೇ ಬರಲ್ಲ.

ರಶ್ಮಿ_ಹಾಸನ: ಬಿಪಿ 130/90 ಇತ್ತು, ಮಾತ್ರೆ ಕೊಟ್ಟಿದ್ದಾರೆ. ಟಾನಿಕ್ ಸೀಲ್ ಒಡೆದಿಲ್ಲ, ಅಂಗಡಿಗೆ ವಾಪಸ್ ಕೊಡ್ತೀವಿ.

ಮಲ್ನಾಡ್_ಮಾವ: ಟಾನಿಕ್ ಬಿಡಿ. ಅಮೃತಬಳ್ಳಿ ವಿಷಯದಲ್ಲಿ ನಾನಂತೂ ಸೋತಿಲ್ಲ.

ಮಕ್ಕಳ_ವಾರ್ಡ್_ಪಿಜಿ: ಅದರಿಂದ ಲಿವರ್ ಕೆಟ್ಟ ಕೇಸುಗಳು ನಮ್ಮ ದೇಶದಲ್ಲೇ ವರದಿಯಾಗಿವೆ ಮಾವ. ಬೇರೆ ಥ್ರೆಡ್ ತೆಗೀರಿ, ಅಲ್ಲಿ ಜಗಳ ಆಡೋಣ.