ಮಂಡಿ ಸವೆತ, ಗ್ರೋತ್ ಫ್ಯಾಕ್ಟರ್ ಇಂಜೆಕ್ಷನ್: ಮೂಳೆ ಡಾಕ್ಟರನ್ನ ಕೇಳಿ

ಅಡ್ಮಿನ್: ಡಾಕ್ಟರ್ 7ರಿಂದ 8 ಗಂಟೆವರೆಗೆ ಇರ್ತಾರೆ. ಪ್ರಶ್ನೆ ಮಾತ್ರ ಹಾಕಿ, ಫಾರ್ವರ್ಡ್ ಬೇಡ.

ಹಾಸನ ಸದಸ್ಯೆ: ನಮಸ್ತೆ ಸರ್. ಅಮ್ಮನಿಗೆ 64 ವರ್ಷ, ಎರಡೂ ಮಂಡಿ ಸವೆದಿದೆ. ಪಿಆರ್‌ಪಿ (ಅವರದೇ ರಕ್ತದಿಂದ ತೆಗೆದ, ಪ್ಲೇಟ್‌ಲೆಟ್ ಹೆಚ್ಚಿರೋ ದ್ರವದ ಇಂಜೆಕ್ಷನ್) ಹಾಕಿಸಿದ್ರೆ ಕಾರ್ಟಿಲೇಜ್, ಅಂದ್ರೆ ಕೀಲಿನ ಮೆದುಮೂಳೆ, ಮತ್ತೆ ಬೆಳೆಯುತ್ತಾ?

ಡಾಕ್ಟರ್: ಬೆಳೆಯುತ್ತೆ ಅನ್ನೋಕೆ ಆಧಾರ ಇಲ್ಲಮ್ಮ. 2021ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ 288 ಜನ ಇದ್ರು. ಕೆಲವರಿಗೆ ಪಿಆರ್‌ಪಿ, ಉಳಿದವರಿಗೆ ಬರೀ ಸಲೈನ್, ವಾರಕ್ಕೊಂದರಂತೆ 3 ಸಲ. ವರ್ಷ ಕಳೆದ ಮೇಲೆ ನೋವಲ್ಲೂ ವ್ಯತ್ಯಾಸ ಇಲ್ಲ, ಎಂಆರ್‌ಐಯಲ್ಲಿ ಕಾರ್ಟಿಲೇಜ್ ಅಳತೆಯಲ್ಲೂ ಇಲ್ಲ.

ಫಿಸಿಯೋ ವಿದ್ಯಾರ್ಥಿನಿ: ಸರ್, ಟಿಜಿಎಫ್-ಬೀಟಾ ಅನ್ನೋ ಗ್ರೋತ್ ಫ್ಯಾಕ್ಟರ್ (ಕೋಶಗಳಿಗೆ ಸಂದೇಶ ಕೊಡೋ ಪ್ರೋಟೀನ್) ಕಾರ್ಟಿಲೇಜನ್ನ ಕಾಪಾಡುತ್ತೆ ಅಂತ ಓದಿದೀನಿ. ಇಲಿ ಮಂಡಿಗೆ ಅದನ್ನೇ ಚುಚ್ಚಿದ್ರೆ ಆಸ್ಟಿಯೋಫೈಟ್ (ಮೂಳೆ ಅಂಚಲ್ಲಿ ಬೆಳೆಯೋ ಮುಳ್ಳು) ಬರುತ್ತೆ ಅಂತಲೂ ಇದೆ. ಎರಡೂ ಹೇಗೆ ನಿಜ?

ಡಾಕ್ಟರ್: ಕೇಳಬೇಕಾದ ಪ್ರಶ್ನೆ ಇದು. ಎಷ್ಟಿದೆ ಅನ್ನೋದಲ್ಲ, ಎಲ್ಲಿ ಯಾವಾಗ ಬಿಚ್ಚಿಕೊಳ್ಳುತ್ತೆ ಅನ್ನೋದು ಮುಖ್ಯ. ಕೊಂಡ್ರೊಸೈಟ್, ಅಂದ್ರೆ ಕಾರ್ಟಿಲೇಜಿನ ಕೋಶ, ಅದನ್ನ ಎಲ್‌ಎಪಿ ಅನ್ನೋ ಪ್ರೋಟೀನಲ್ಲಿ ಪೊಟ್ಟಣ ಕಟ್ಟಿಯೇ ಹೊರಗೆ ಬಿಡೋದು. ಆ ಪೊಟ್ಟಣವನ್ನ ಎಲ್‌ಟಿಬಿಪಿ ಅನ್ನೋ ಇನ್ನೊಂದು ಪ್ರೋಟೀನ್ ಮ್ಯಾಟ್ರಿಕ್ಸಿಗೆ (ಕೋಶದ ಸುತ್ತಲಿನ ಹಂದರಕ್ಕೆ) ಬಿಗಿದಿಟ್ಟಿರುತ್ತೆ. ಕೀಲಿನ ಮೇಲೆ ಭಾರ ಬಿದ್ದಾಗ, ಕೋಶದ ಮೇಲಿನ ಕೊಂಡಿಯಂಥ ಇಂಟೆಗ್ರಿನ್ ಎಳೆದಾಗ, ಪ್ರೋಟೀನ್ ಕತ್ತರಿಸೋ ಕಿಣ್ವ ಪ್ರೋಟಿಯೇಸ್ ಕತ್ತರಿಸಿದಾಗ ಸ್ವಲ್ಪಸ್ವಲ್ಪವೇ ಬಿಚ್ಚುತ್ತೆ. ಬಿಚ್ಚಿದ ಮೇಲೂ ಎರಡು ದಾರಿ. ಕೋಶದ ಮೇಲಿನ ಎಎಲ್‌ಕೆ5 ಅನ್ನೋ ಗ್ರಾಹಕದ ಮೂಲಕ ಹೋದರೆ, ಒಳಗೆ ಸಂದೇಶ ಒಯ್ಯೋ ಸ್ಮ್ಯಾಡ್ 2/3 ಪ್ರೋಟೀನ್ ಕೆಲಸ ಮಾಡಿ, ಕಾರ್ಟಿಲೇಜಿನ ಮುಖ್ಯ ಸಾಮಗ್ರಿಯಾದ ಅಗ್ರಿಕ್ಯಾನ್, ಟೈಪ್ 2 ಕೊಲ್ಲಾಜೆನ್ ಉಳಿಯುತ್ತೆ. ಎಎಲ್‌ಕೆ1 ಅನ್ನೋ ಇನ್ನೊಂದು ಗ್ರಾಹಕದ ಮೂಲಕ ಹೋದರೆ ಸ್ಮ್ಯಾಡ್ 1/5/8 ಕೆಲಸ ಮಾಡಿ, ಕೋಶ ಉಬ್ಬುತ್ತೆ, ಎಂಎಂಪಿ-13 ಅನ್ನೋ ಕಿಣ್ವ ಹೊರಬಂದು ಅದೇ ಕೊಲ್ಲಾಜೆನನ್ನ ಕತ್ತರಿಸುತ್ತೆ. ವಯಸ್ಸಾದ ಇಲಿಗಳ ಕಾರ್ಟಿಲೇಜಲ್ಲಿ ಎಎಲ್‌ಕೆ5 ಹೆಚ್ಚು ಇಳಿದು, ತಕ್ಕಡಿ ಎಎಲ್‌ಕೆ1 ಕಡೆ ವಾಲುತ್ತೆ. ನೀವು ಹೇಳಿದ ಇಲಿಗೆ ಚುಚ್ಚಿದ್ದು ಪೊಟ್ಟಣ ಕಟ್ಟದ ಸರಕು. ಅದು ಕಾರ್ಟಿಲೇಜಲ್ಲೇ ನಿಲ್ಲಲ್ಲ, ಕೀಲಿನ ಪೊರೆಗೆ ತಗಲಿ ಫೈಬ್ರೋಸಿಸ್ (ಪೊರೆ ನಾರುಗಟ್ಟೋದು), ಮೂಳೆ ಅಂಚಲ್ಲಿ ಆಸ್ಟಿಯೋಫೈಟ್. ಐಜಿಎಫ್-1 ಅನ್ನೋ ಇನ್ನೊಂದು ಗ್ರೋತ್ ಫ್ಯಾಕ್ಟರ್ ಕಥೆಯೂ ಹೀಗೇ. ಸವೆದ ಕೀಲಲ್ಲಿ ಅದಕ್ಕೆ ಬರ ಇಲ್ಲ, ಐಜಿಎಫ್‌ಬಿಪಿ ಅನ್ನೋ ಪ್ರೋಟೀನುಗಳು ಅದನ್ನ ಹಿಡಿದಿಟ್ಟಿರುತ್ವೆ, ಕೋಶವೂ ಸರಿಯಾಗಿ ಸ್ಪಂದಿಸಲ್ಲ.

ತುಮಕೂರು ಸದಸ್ಯ: ಇಷ್ಟೆಲ್ಲ ಯಾಕೆ? ಬೆಂಡೆಕಾಯಿ ಸೀಳಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಆ ನೀರು ಕುಡಿಯಿರಿ. 21 ದಿನದಲ್ಲಿ ಮಂಡಿಯಲ್ಲಿ ಗ್ರೀಸ್ ತುಂಬುತ್ತೆ.

ಡಾಕ್ಟರ್: ತುಂಬಲ್ಲ. ಕರುಳಿಗೆ ಹೋದ ಲೋಳೆ ಲೋಳೆಯಾಗಿಯೇ ಮಂಡಿಗೆ ಇಳಿಯಲ್ಲ.

ಮಂಡ್ಯ ಸದಸ್ಯ: ಅದಕ್ಕಿಂತ ಎಕ್ಕದ ಎಲೆಗೆ ಹರಳೆಣ್ಣೆ ಸವರಿ, ಬಿಸಿ ಮಾಡಿ ಕಟ್ಟೋದು ವಾಸಿ.

ತುಮಕೂರು ಸದಸ್ಯ: ಎಕ್ಕ ವಿಷ ಕಣ್ರೀ. ಗೊತ್ತಿಲ್ಲದೆ ಹೇಳಬೇಡಿ.

ಮಂಡ್ಯ ಸದಸ್ಯ: ನಿಮ್ಮ ಬೆಂಡೆಕಾಯಿ ನೀರಿಗೆ ಯಾವ ಪುರಾವೆ ಇದೆ?

ದಾವಣಗೆರೆ ಸದಸ್ಯೆ: ಸರ್, ಗ್ಲುಕೋಸಮೈನ್ ಮಾತ್ರೆ ಎಷ್ಟು ತಿಂಗಳು ತಗೋಬೇಕು?

ಡಾಕ್ಟರ್: ಎಕ್ಕದ ಹಾಲಿಗೆ ಚರ್ಮ ಬೊಬ್ಬೆ ಏಳುತ್ತೆ. ಕೈಗೆ ಅಂಟಿದ್ದು ಕಣ್ಣಿಗೆ ಹೋದರೆ ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಊದಿ ದೃಷ್ಟಿ ಮಂಜಾಗುತ್ತೆ. ಶುಗರ್ ಇದ್ದವರ ಕಾಲಿಗೆ ಕಟ್ಟಿ ಗಾಯ ಮಾಡಬೇಡಿ. ಇಬ್ಬರೂ ನಿಲ್ಲಿಸಿ.

ಶಿವಮೊಗ್ಗ ಸದಸ್ಯ: ಪಿಆರ್‌ಪಿಯಿಂದ ಕಾರ್ಟಿಲೇಜ್ ಬೆಳೆಯುತ್ತಾ ಸರ್?

ಡಾಕ್ಟರ್: ಮೇಲೆ ಓದಿ.

ಮೈಸೂರು ಸದಸ್ಯ: ಎಫ್‌ಜಿಎಫ್-18 ಅನ್ನೋ ಗ್ರೋತ್ ಫ್ಯಾಕ್ಟರ್ ಇಂಜೆಕ್ಷನ್ನಿಂದ ಕಾರ್ಟಿಲೇಜ್ ದಪ್ಪ ಆಗುತ್ತಂತಲ್ಲ?

ಡಾಕ್ಟರ್: ಆ ಔಷಧದ ಹೆಸರು ಸ್ಪ್ರೈಫರ್ಮಿನ್. ದಪ್ಪ ಆಗಿದ್ದು 100 ಮೈಕ್ರೋಗ್ರಾಂ ಡೋಸಲ್ಲಿ, 2 ವರ್ಷಕ್ಕೆ 0.05 ಮಿ.ಮೀ. ಆಸುಪಾಸು. ನೋವಿನಲ್ಲಿ ಸ್ಪಷ್ಟ ಲಾಭ ಕಾಣಲಿಲ್ಲ.

ಬಳ್ಳಾರಿ ಸದಸ್ಯ: ಸರ್, ಅಪ್ಪನಿಗೆ ಶುಗರ್ ಇದೆ. ಪಿಆರ್‌ಪಿ ಹಾಕಿ 5 ದಿನ ಆಯ್ತು. ನಿನ್ನೆಯಿಂದ ಮಂಡಿ ಕೆಂಪಗೆ ಊದಿದೆ, ಜ್ವರ 101, ಕಾಲು ಊರೋಕೇ ಆಗ್ತಿಲ್ಲ. ಹಾಕಿದವರು ಮಾಮೂಲಿ, ಐಸ್ ಇಡಿ ಅಂದ್ರು.

ತುಮಕೂರು ಸದಸ್ಯ: ಅರಿಶಿನ ಪಟ್ಟು ಹಾಕಿ.

ಡಾಕ್ಟರ್: ಪಟ್ಟೂ ಬೇಡ, ಐಸೂ ಬೇಡ. ಬಳ್ಳಾರಿಯವರೇ, ಈಗಲೇ ಹೊರಡಿ, ಬೆಳಿಗ್ಗೆವರೆಗೆ ಕಾಯಬೇಡಿ. ಪಿಆರ್‌ಪಿ ಆದ ಮೇಲೆ ಎರಡು ಮೂರು ದಿನ ನೋವು, ಬಿಗಿತ ಇರೋದು ಸಾಮಾನ್ಯ. 4ನೇ ದಿನ ಹೊಸದಾಗಿ ಊದಿ ಜ್ವರ ಬಂದರೆ ಕೀಲಲ್ಲಿ ಕೀವು ಅಂತಲೇ ತಿಳಿದು ನೋಡಬೇಕು. ಮೂಳೆ ಡಾಕ್ಟರ್ ಇರೋ ಎಮರ್ಜೆನ್ಸಿಗೇ ಹೋಗಿ. ಸೂಜಿಯಿಂದ ನೀರು ತೆಗೆದು ಕೋಶ ಎಣಿಕೆ, ಗ್ರಾಂ ಸ್ಟೇನ್ ಮತ್ತು ಕಲ್ಚರ್ (ಬ್ಯಾಕ್ಟೀರಿಯಾ ಇದೆಯಾ, ಯಾವುದು ಅಂತ ನೋಡೋ ಪರೀಕ್ಷೆಗಳು), ಹರಳಿನ ಪರೀಕ್ಷೆಗೆ ಕಳಿಸ್ತಾರೆ. ಆದಷ್ಟೂ ಆಂಟಿಬಯೋಟಿಕ್‌ಗೆ ಮೊದಲೇ ತೆಗೀಬೇಕು. ಕೀವಿನ ಬಿಳಿಕಣಗಳ ಪ್ರೋಟಿಯೇಸ್ ಕೆಲವೇ ದಿನದಲ್ಲಿ ಕಾರ್ಟಿಲೇಜ್ ತಿಂದುಹಾಕುತ್ತೆ.

ಬಳ್ಳಾರಿ ಸದಸ್ಯ: ಬೆಳಿಗ್ಗೆ ಮೆಡಿಕಲ್ ಶಾಪಿಂದ ಒಂದು ಆಂಟಿಬಯೋಟಿಕ್ ತಂದು ಕೊಟ್ವಿ ಸರ್.

ಡಾಕ್ಟರ್: ಆ ಸ್ಟ್ರಿಪ್ ಜೊತೆಗೆ ಒಯ್ಯಿರಿ, ಎಷ್ಟು ಗಂಟೆಗೆ ಕೊಟ್ರಿ ಅಂತ ಹೇಳಿ. ಇನ್ಸುಲಿನ್ ಕೊಟ್ಟಿದ್ದರೆ ಅದನ್ನೂ ಹೇಳಿ. ಮಂಡಿ ತೊಳೆಯೋ ಆಪರೇಷನ್ ಬೇಕಾಗಬಹುದು, ಅವರನ್ನ ಕೇಳದೆ ಊಟ ಕೊಡಬೇಡಿ.

ಹುಬ್ಬಳ್ಳಿ ಸದಸ್ಯ: ಪಿಆರ್‌ಪಿಗೆ ಎಷ್ಟು ಖರ್ಚಾಗುತ್ತೆ ಸರ್?

ಬಳ್ಳಾರಿ ಸದಸ್ಯ: ಹೊರಟ್ವಿ ಸರ್.